ಗೊಂಬೆ ಮೆಟ್ಟಿಲ ಕೆಳಗೆ ಹ್ಯೂಸ್ಟನ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ವರ್ಷದ ದಸರೆಯಲ್ಲಿ ಕೋಪಕ್ಕೆ ಸಾಕಷ್ಟು ಕಾರಣಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದನ್ನು ನಾನೇ ಮಾಡಿಕೊಂಡಿದ್ದೆ ಎಂದು ಒಪ್ಪಿಕೊಳ್ಳುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು.

ಆಗ ನಾವು ಡಲ್ಲಾಸಿನ ಮಗ್ಗುಲಿನ ಕ್ಯಾರಲ್ಟನ್‌ನಲ್ಲಿದ್ದೆವು. ಯಜಮಾನರು ಸಾಫ್ಟ್‌ವೇರ್‌ನವರು. ನಾನು ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ, ಆರು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿದವಳು. ಇಲ್ಲಿ ನನ್ನ ವೀಸಾ ಗಂಡನ ವೀಸಾದ ಬಾಲ. ಅದನ್ನು ಹಿಡಿದುಕೊಂಡು ಉಣ್ಣಬಹುದು, ಮಲಗಬಹುದು, ಕಾರು ಓಡಿಸಬಹುದು. ಸಂಬಳಕ್ಕೆ ದುಡಿಯುವ ಹಾಗಿಲ್ಲ. ಆ ಸುಮಾರಿಗೆ ನಮ್ಮಂಥ ಕೆಲವು ಹೆಂಡತಿಯರಿಗೆ ಕೆಲಸದ ಅನುಮತಿ ಸಿಗತೊಡಗಿತ್ತು. ಆದರೆ ಅದಕ್ಕೆ ಗಂಡನ ಗ್ರೀನ್ ಕಾರ್ಡಿನ ಕಾಗದ ಒಂದು ಹಂತ ದಾಟಿರಬೇಕು. ನಮ್ಮದು ದಾಟಿರಲಿಲ್ಲ. ಪಕ್ಕದ ಬೀದಿಯ ಗೆಳತಿ ಕೆಲಸಕ್ಕೆ ಸೇರಿದ ದಿನ ನಾನು ಅವಳಿಗೆ ಮೈಸೂರು ಪಾಕ್ ಮಾಡಿ ಕೊಟ್ಟು ಬಂದೆ, ಮನೆಗೆ ಬಂದವಳೇ ಬಾಣಲೆಯನ್ನು ಸಿಂಕಿನಲ್ಲಿ ಕುಕ್ಕಿದೆ.

ಮಗಳು ಏಳನೇ ಕ್ಲಾಸಿನಲ್ಲಿದ್ದಳು. ಟೆಕ್ಸಾಸಿನಲ್ಲಿ ಏಳನೇ ಕ್ಲಾಸಿನ ಮಕ್ಕಳೆಲ್ಲ ಟೆಕ್ಸಾಸಿನ ಇತಿಹಾಸ ಓದಬೇಕು. ಅಕ್ಟೋಬರಿನಲ್ಲಿ ಅವರಿಗೊಂದು ಪ್ರಾಜೆಕ್ಟು ಕೊಟ್ಟರು: ನದಿ ದಂಡೆಯ ಚಿಕ್ಕ ಊರೊಂದು ಬೆಳೆದು ಕೈಗಾರಿಕೆಯ ನಗರವಾದದ್ದು ಹೇಗೆ ಎಂದು ತೋರಿಸುವ ಮಾಡೆಲ್ ಮಾಡಿ ತರಬೇಕು, ಅದನ್ನು ಮುಂದಿಟ್ಟುಕೊಂಡು ತರಗತಿಯ ಎದುರು ಐದು ನಿಮಿಷ ಮಾತಾಡಬೇಕು. ಯಾರಿಗೆ ಯಾವ ಊರು ಎಂದು ಟೀಚರ್ ಚೀಟಿ ಎತ್ತಿಸಿದ್ದರು. ಮಗಳಿಗೆ ಆಸ್ಟಿನ್ ಬೇಕಿತ್ತು. ಅವಳ ಜೀವದ ಗೆಳತಿ ಹಿಂದಿನ ವರ್ಷ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆಗಿದ್ದಳು, ಊರು ನೋಡುವ ನೆಪದಲ್ಲಿ ಅವಳ ಮನೆಗೆ ಹೋಗಬಹುದಿತ್ತು. ನನಗೆ ಡಲ್ಲಾಸ್ ಬೇಕಿತ್ತು. ಡಲ್ಲಾಸಿನ ನದಿಯನ್ನು ಪ್ರವಾಹಕ್ಕೆ ಹೆದರಿ ಏರಿ ಕಟ್ಟಿ ಪಕ್ಕಕ್ಕೆ ತಳ್ಳಿದ್ದಾರೆ. ಹೈವೇ ಸೇತುವೆ ದಾಟುವಾಗಲೆಲ್ಲ ಕೆಳಗೆ ಅಷ್ಟಗಲದ ಹುಲ್ಲುಗಾವಲಿನಲ್ಲಿ ಆ ಸಣ್ಣ ನೀರು ಒಂಟಿಯಾಗಿ ಹೋಗುವುದನ್ನು ನೋಡಿ ನನಗೆ ಏನೋ ಆಗುತ್ತಿತ್ತು. ಚೀಟಿಯಲ್ಲಿ ಬಂದದ್ದು ಹ್ಯೂಸ್ಟನ್.

ಮಗಳಿಗೆ ಊರು ಯಾವುದಾದರೇನು, ಆ ಐದು ನಿಮಿಷದ ಮಾತೇ ಗಂಡಾಂತರ. ಮನೆಯಲ್ಲಿ ಬಾಯಿಬಡುಕಿಯಾದ ಈ ಹುಡುಗಿಗೆ ಶಾಲೆಯಲ್ಲಿ ಬಾಯಿಗೆ ಬೀಗ. ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಬಹಳ ನಯವಾಗಿ ಹೇಳಿದ್ದರು: ಬರೆಯುವುದರಲ್ಲಿ ಮೊದಲಿಗಳು, ಆದರೆ ಕೈ ಎತ್ತುವುದಿಲ್ಲ, ಕೇಳಿದರೆ ತಲೆ ತಗ್ಗಿಸುತ್ತಾಳೆ; ಈ ಪ್ರಾಜೆಕ್ಟಿನಲ್ಲಿ ಅರ್ಧ ಅಂಕ ಮಾತಿಗೇ, ಅಲ್ಲೂ ಬಾಯಿ ಬಿಡದಿದ್ದರೆ ಮುಂದಿನ ವರ್ಷ ಮೇಲಿನ ಸೆಕ್ಷನ್ನಿಗೆ ಶಿಫಾರಸು ಮಾಡುವುದು ಕಷ್ಟ. ಮಗಳು ತನ್ನದೇ ಒಂದು ಉಪಾಯ ಹೂಡಿದಳು. ಮಾಡೆಲ್ ತುಂಬ ಚೆನ್ನಾಗಿದ್ದರೆ ಎಲ್ಲರೂ ಅದನ್ನೇ ನೋಡುತ್ತಾರೆ, ತನ್ನನ್ನು ನೋಡುವುದಿಲ್ಲ; ಕೋಲಿನಿಂದ ಒಂದೊಂದನ್ನೇ ತೋರಿಸುತ್ತ ನಾಲ್ಕು ಮಾತು ಆಡಿ ಮುಗಿಸಿಬಿಡಬಹುದು. ನನಗೂ ಸರಿ ಎನ್ನಿಸಿತು.

ಆಮೇಲೆ ಆದದ್ದೇನೆಂದರೆ, ಪ್ರಾಜೆಕ್ಟು ಅವಳ ಕೈಯಿಂದ ಜಾರಿ ನನ್ನ ಕೈಗೆ ಬಂತು.

ಮೊದಲು ಹ್ಯೂಸ್ಟನ್ ನೋಡಬೇಕು ಎಂದೆ. ಅಲ್ಲಿ ಹಡಗುಗಳು ಬರುವ ಕಾಲುವೆಯಲ್ಲಿ ಜನರನ್ನು ಬಿಟ್ಟಿಯಾಗಿ ದೋಣಿಯಲ್ಲಿ ಸುತ್ತಾಡಿಸುತ್ತಾರೆ, ಮೊದಲೇ ಹೆಸರು ಬರೆಸಿದ್ದರೆ ಸಾಕು. ಯಜಮಾನರು ಸ್ಟೀರಿಂಗ್ ಹಿಡಿದು ಗೊಣಗಿದರು.

"ಐದು ನಿಮಿಷದ ಮಾತಿಗೆ ಹೋಗ್ತಾ ನಾಲ್ಕು ಗಂಟೆ, ಬರ್ತಾ ನಾಲ್ಕು ಗಂಟೆ ಡ್ರೈವ್ ಮಾಡ್ಬೇಕಾ? ನೆಟ್‌ನಲ್ಲಿ ಎಲ್ಲಾ ಇದೆ ಕಣೇ."

"ನೆಟ್‌ನಲ್ಲಿ ವಾಸನೆ ಬರತ್ತೇನ್ರೀ?" ಎಂದೆ.

ವಾಸನೆ ಬಂತು. ದೋಣಿ ಹತ್ತಿ ಸ್ವಲ್ಪ ಹೊತ್ತಿಗೆ ಎರಡೂ ದಂಡೆಯಲ್ಲಿ ಎಣ್ಣೆ ಸಂಸ್ಕರಿಸುವ ಕಾರ್ಖಾನೆಗಳು, ಗುಂಡಗಿನ ಬಿಳಿ ಟ್ಯಾಂಕುಗಳು, ಕೊಳವೆಗಳ ಸಿಕ್ಕು, ಆಕಾಶದ ತುದಿಯಲ್ಲಿ ಹಗಲಲ್ಲೂ ಉರಿಯುವ ಜ್ವಾಲೆ. ಕೊಳೆತ ಮೊಟ್ಟೆಯ ನಾತ ಗಂಟಲಿಗೆ ಇಳಿಯುತ್ತಿತ್ತು. ನೀರು ಹಾಲು ಕಮ್ಮಿಯಾದ ಚಹಾದ ಬಣ್ಣದ್ದು. ದೋಣಿಯಲ್ಲಿ ರೆಕಾರ್ಡ್ ಮಾಡಿದ ಧ್ವನಿಯೊಂದು ಎಷ್ಟು ಹಡಗು, ಎಷ್ಟು ಟನ್ನು, ಎಷ್ಟು ಉದ್ದ ಎಂದು ಒಂದೇ ಸಮ ಹೇಳುತ್ತ ಹೋಯಿತು. ಈ ಊರು ಇಲ್ಲಿಗೆ ಬಂದದ್ದು ಹೇಗೆ ಎನ್ನುವುದರ ಬಗ್ಗೆ ಒಂದು ಮಾತಿಲ್ಲ. ನನಗೆ ತಡೆಯಲಾಗಲಿಲ್ಲ. ರೇಲಿಂಗಿಗೆ ಒರಗಿ ಕನ್ನಡದಲ್ಲಿ ಶುರು ಮಾಡಿದೆ.

"ಇಲ್ಲಿ ನದಿನೇ ಇರ್ಲಿಲ್ಲ ಕಣೇ. ಬಫೆಲೊ ಬಯೂ ಅಂತ ಒಂದು ಕೆಸರಿನ ಹಳ್ಳ. ಇಬ್ಬರು ಅಣ್ಣತಮ್ಮಂದಿರು ಬಂದು ಜಮೀನು ತಗೊಂಡ್ರು, ಊರು ಹುಟ್ಟೋಕೆ ಮುಂಚೆನೇ ಪೇಪರಿನಲ್ಲಿ ಜಾಹೀರಾತು ಕೊಟ್ಟುಬಿಟ್ರು. ಸಮುದ್ರದಿಂದ ಹಡಗು ಸೀದಾ ಬರತ್ತೆ, ತಂಪಾದ ಗಾಳಿ ಬೀಸತ್ತೆ, ಬನ್ನಿ ಸೈಟ್ ತಗೊಳ್ಳಿ ಅಂತ. ನಮ್ಮ ರಿಂಗ್ ರೋಡ್ ಲೇಔಟ್‌ನವರು ಹೇಳಲ್ವಾ, ಹಾಗೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಗಾದೆ ಆ ಊರಿಗೆ ಒಪ್ಪುವಷ್ಟು ಇನ್ನಾವ ಊರಿಗೂ ಒಪ್ಪುವುದಿಲ್ಲ. ಜಾಹೀರಾತು ನಿಜವೆಂದು ತೋರಿಸುವುದಕ್ಕೆ ಅವರು ಒಂದು ಸ್ಟೀಮರ್ ತರಿಸಿದರು. ಅದು ಮುಳುಗಿದ ಮರಗಳನ್ನು ಕಡಿಯುತ್ತ, ತೆವಳುತ್ತ, ಕೊನೆಯ ಕೆಲವು ಮೈಲಿಗೆ ದಿನಗಟ್ಟಲೆ ತೆಗೆದುಕೊಂಡು ಬಂತು. ಬಂದದ್ದು ಊರನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟಿತು. ಊರು ಕಂಡರೆ ತಾನೆ ನಿಲ್ಲುವುದು? ದಂಡೆಯ ಕೆಸರಿನಲ್ಲಿ ನೆಟ್ಟಿದ್ದ ಗೂಟಗಳನ್ನು ಯಾರೋ ನೋಡಿ, ಓಹೋ ಇದೇ ಊರು ಎಂದು ಹಿಂದಕ್ಕೆ ತಂದರು. ಆ ಜೌಗಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮರ ಕಡಿದವರು ಸೈಟು ಕೊಂಡವರಲ್ಲ. ಗುಲಾಮರು, ಯುದ್ಧದಲ್ಲಿ ಸೆರೆಸಿಕ್ಕ ಮೆಕ್ಸಿಕೋದವರು. ಅವರಲ್ಲಿ ಎಷ್ಟೋ ಜನ ಅಲ್ಲೇ ಸತ್ತರು. ಇದನ್ನೆಲ್ಲ ಹೇಳುತ್ತ ಹೇಳುತ್ತ ನನ್ನ ದನಿ ಮೇಲೇರಿತ್ತು. ಪಕ್ಕದಲ್ಲಿದ್ದ ಅಮೆರಿಕನ್ ದಂಪತಿಗಳು ನಮ್ಮ ಕಡೆ ನೋಡಿ ನಕ್ಕು ಆ ತುದಿಗೆ ಸರಿದರು.

"ಅಮ್ಮಾ, ಯು ಆರ್ ಶೌಟಿಂಗ್," ಎಂದಳು ಮಗಳು, ಮುಖ ಕೆಂಪಗೆ ಮಾಡಿಕೊಂಡು.

ಬಾಯಿ ಮುಚ್ಚಿಕೊಂಡೆ. ದೋಣಿ ತಿರುಗಿ ವಾಪಸು ಹೊರಟ ಮೇಲೆ, ಕಾರ್ಖಾನೆಗಳೆಲ್ಲ ಇನ್ನೊಂದು ಬದಿಗೆ ಬಂದ ಮೇಲೆ, ಅವಳೇ ಕೇಳಿದಳು: ಆ ಸ್ಟೀಮರಿನಲ್ಲಿ ಇದ್ದವರು ಊರು ನೋಡಿ ಏನು ಅಂದರು? ಇಂಗ್ಲಿಷಿನಲ್ಲೇ ಕೇಳಿದಳು. ನಾನು ಸಿಟ್ಟಿನಲ್ಲಿದ್ದೆ, ಗೊತ್ತಿಲ್ಲ ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ಕೆಲಸ ಶುರುವಾಯಿತು. ಅವಳು ಹಳ್ಳಕ್ಕೆ ನೀಲಿ ಬಣ್ಣ ಬಳಿದಳು, ನಾನು ಅದರ ಮೇಲೆ ಕಂದು ಬಳಿದೆ. ಮಾತಾಡುವುದಕ್ಕೆಂದು ಅವಳು ಮೂರು ಚೀಟಿ ಬರೆದಳು, ನಾನು ತಿದ್ದಿ ಹನ್ನೊಂದು ಮಾಡಿದೆ. ಯಜಮಾನರಿಗೆ ತಾವೂ ಏನಾದರೂ ಮಾಡಬೇಕೆಂಬ ಹುರುಪು. ಅಕ್ವೇರಿಯಮ್ಮಿನ ಪಂಪು ತಂದು ಹಳ್ಳದಲ್ಲಿ ನಿಜವಾಗಿ ನೀರು ಹರಿಸುತ್ತೇನೆ ಎಂದು ಕೂತರು. ನೀರು ಹರಿಯಿತು, ಕಾರ್ಪೆಟ್ಟಿನ ಮೇಲೆ. ಒಬ್ಬರ ಮೇಲೊಬ್ಬರು ಕೂಗಾಡಿದೆವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಕೂಸು ಆಗಲೇ ಎದ್ದು ತನ್ನ ರೂಮಿಗೆ ಹೋಗಿತ್ತು.

ಅಷ್ಟರಲ್ಲಿ ನವರಾತ್ರಿ ಬಂತು. ಮೈಸೂರು ಕಡೆಯವರ ಮನೆಯಲ್ಲಿ ದಸರಾ ಎಂದರೆ ಗೊಂಬೆ ಕೂರಿಸಬೇಕು. ಮದುವೆಯಲ್ಲಿ ತವರಿನಿಂದ ಕೊಟ್ಟ ಪಟ್ಟದ ಗೊಂಬೆಗಳು, ಮರದ ರಾಜ ಮತ್ತು ರಾಣಿ, ಮೇಲಿನ ಮೆಟ್ಟಿಲಲ್ಲಿ. ಕೆಳಗೆ ದೇವರುಗಳು, ವಾದ್ಯದವರು, ದಸರಾ ಆನೆ. ಎಲ್ಲಕ್ಕಿಂತ ಕೆಳಗೆ ನೆಲದ ಮೇಲೆ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ, ಅವನ ಪಕ್ಕದಲ್ಲಿ ಹಳ್ಳಿಯದೋ ಪಾರ್ಕಿನದೋ ಒಂದು ಪುಟ್ಟ ದೃಶ್ಯ. ಒಮ್ಮೆ ಕೂರಿಸಿ ಪೂಜೆ ಮಾಡಿದ ಮೇಲೆ ವಿಜಯದಶಮಿಯ ಆರತಿ ಆಗಿ ಪಟ್ಟದ ಗೊಂಬೆಗಳನ್ನು ಮಲಗಿಸುವ ತನಕ ಒಂದನ್ನೂ ಕದಲಿಸುವ ಹಾಗಿಲ್ಲ. ಇದು ನನ್ನ ಅಮ್ಮನ ಕಟ್ಟಪ್ಪಣೆ.

ನಮ್ಮದು ಚಿಕ್ಕ ಮನೆ. ಮಾಡೆಲ್ ಇಡಲು ಬೇರೆ ಜಾಗವಿರಲಿಲ್ಲ ಎಂದು ಆಗ ಎಲ್ಲರಿಗೂ ಹೇಳಿದೆ. ಗ್ಯಾರೇಜಿನಲ್ಲಿ ಬೇಕಾದಷ್ಟು ಜಾಗವಿತ್ತು. ಮೆಟ್ಟಿಲ ಕೆಳಗೆ ಈ ಸಲ ಹಳ್ಳಿ ಬೇಡ, ಹ್ಯೂಸ್ಟನ್ ಇರಲಿ ಎಂದು ನನಗೇ ಆಸೆ ಹುಟ್ಟಿತ್ತು. ಇಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಸೈಟು ಮಾರುವ ಅಣ್ಣತಮ್ಮಂದಿರ ಜಾಗಕ್ಕೆ ಇಬ್ಬರು ಶೆಟ್ಟಿ ಗೊಂಬೆಗಳನ್ನು ಕೂರಿಸಿದೆ. ಪೇಟ, ಹೊಟ್ಟೆ, ಮುಂದೆ ರಾಶಿ ಹಾಕಿದ ತೊಗರಿಬೇಳೆ, ಎಲ್ಲ ಸರಿಹೋಯಿತು. ಹೊರೆ ಹೊತ್ತ ಮಣ್ಣಿನ ಗೊಂಬೆಗಳು ನಾಲ್ಕಿದ್ದವು, ಅವರನ್ನು ಜೌಗಿನಲ್ಲಿ ನಿಲ್ಲಿಸಿದೆ. ಎತ್ತಿನ ಗಾಡಿಯಲ್ಲಿ ಹತ್ತಿ ತುಂಬಿದೆ. ಕಾರ್ಖಾನೆಯ ಚಿಮಣಿಗಳಿಗೆ ಮಗಳು ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆ ಇಟ್ಟುಕೊಂಡಿದ್ದಳು. ದೇವರ ಮುಂದೆ ಅದೆಲ್ಲ ಆಗದು ಎಂದು ಅಡಿಗೆಮನೆಯ ಪೇಪರ್ ಟವೆಲಿನ ಕೊಳವೆ ಹಾಕಿ, ಒಳಗೊಂದು ಪುಟ್ಟ ಲೋಟ ಇಟ್ಟು ಊದುಬತ್ತಿ ಸಿಕ್ಕಿಸಿದೆ. ನಮ್ಮ ಹ್ಯೂಸ್ಟನ್ನಿನ ಕಾರ್ಖಾನೆಗಳು ಗಂಧದ ಹೊಗೆ ಬಿಟ್ಟವು.

"ಇದು ನನ್ನ ಪ್ರಾಜೆಕ್ಟಾ, ಗೊಂಬೇದಾ?" ಎಂದು ಮಗಳು ಕೇಳಿದಳು. ಅವಳು ಕನ್ನಡದಲ್ಲಿ ಕೇಳಿದಳೆಂದರೆ ವಿಷಯ ಗಂಭೀರ ಎಂದು ನನಗೆ ತಿಳಿಯಬೇಕಿತ್ತು.

"ಎರಡೂ. ಶುಕ್ರವಾರ ಬೆಳಿಗ್ಗೆ ನಿನ್ನ ಕೈಗೆ ಕೊಡ್ತೀನಿ. ಗುರುವಾರನೇ ದಶಮಿ."

ಗುರುವಾರ ದಶಮಿ ಎನ್ನುವುದು ಇಲ್ಲಿಯ ದೇವಸ್ಥಾನದವರು ಕಳಿಸಿದ ಇಮೇಲಿನ ಲೆಕ್ಕ. ಡಲ್ಲಾಸಿನ ಸೂರ್ಯೋದಯ ಹಿಡಿದು ಹಾಕಿದ ಪಂಚಾಂಗ ಅದು. ಅದರಂತೆಯೇ ಪಾಡ್ಯದ ದಿನ ಗೊಂಬೆ ಕೂರಿಸಿದ್ದೆ. ಶುಕ್ರವಾರ ಅವಳ ಮಾತಿನ ಸರದಿ. ಎಲ್ಲ ಕೂಡಿ ಬಂದಿತ್ತು.

ಆ ಸಂಜೆಗಳನ್ನು ನಾನು ಮರೆಯುವುದಿಲ್ಲ. ಐದು ಗಂಟೆಯಿಂದ ಹೆಂಗಸರು ಬರುತ್ತಿದ್ದರು. ಅರಿಶಿನ ಕುಂಕುಮ ಕೊಟ್ಟು, ದಿನಕ್ಕೊಂದರಂತೆ ಕೋಡುಬಳೆ, ಕಡಲೆ ಉಸಲಿ, ಕೊಬ್ಬರಿ ಮಿಠಾಯಿ ಕೈಗಿಡುತ್ತಿದ್ದೆ. ರಾಜ ರಾಣಿಯರಿಗೆ ಕೈ ಮುಗಿದವರು ಕೆಳಗೆ ನೋಡಿ, "ಇದೇನ್ರೀ ಇದು?" ಎನ್ನುವುದು, ನಾನು ಶುರು ಮಾಡುವುದು. ಸ್ಟೀಮರು ಊರು ದಾಟಿ ಹೋಗುವ ಜಾಗಕ್ಕೆ ಎಲ್ಲರೂ ನಗುತ್ತಿದ್ದರು. ಹತ್ತಿ ಬಂತು, ರೈಲು ಬಂತು. ಕಡಲ ತುದಿಯ ಗ್ಯಾಲ್ವೆಸ್ಟನ್ ದೊಡ್ಡ ರೇವುಪಟ್ಟಣ. ಅದರ ಮುಂದೆ ಇವರದು ಯಾವ ಲೆಕ್ಕ? ಒಂದು ಚಂಡಮಾರುತದಲ್ಲಿ ಆ ಪಟ್ಟಣ ಕೊಚ್ಚಿಹೋಯಿತು. ಅದೇ ಹೊತ್ತಿಗೆ ಪಕ್ಕದ ಸೀಮೆಯಲ್ಲಿ ಎಣ್ಣೆ ಚಿಮ್ಮಿತು. ಇವರು ಹಳ್ಳವನ್ನು ಆಳಕ್ಕೆ ಅಗೆದು ಅಗೆದು ಹಡಗಿನ ದಾರಿ ಮಾಡಿಕೊಂಡರು. ಸುಳ್ಳು ಜಾಹೀರಾತೊಂದನ್ನು ಊರಿನವರೆಲ್ಲ ಸೇರಿ ಎಂಬತ್ತು ವರ್ಷ ಬೆವರು ಸುರಿಸಿ ನಿಜ ಮಾಡಿದರು ಎಂದು ನಾನು ಹೇಳುವಾಗ ಕೋಣೆ ಗಪ್‌ಚಿಪ್ ಆಗುತ್ತಿತ್ತು. ಆ ನಿಶ್ಶಬ್ದ ನನಗೆ ಗೊತ್ತಿದ್ದದ್ದು. ಮೈಸೂರಿನ ಕಾಲೇಜಿನಲ್ಲಿ ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ, ಊಟ ಮಾಡಿ ತೂಕಡಿಸುವ ಎಂಬತ್ತು ಮಕ್ಕಳು ಒಮ್ಮೆಗೇ ಎಚ್ಚರಾಗುವ ನಿಶ್ಶಬ್ದ. ಆರೇಳು ವರ್ಷದಿಂದ ಅದು ನನಗೆ ಸಿಕ್ಕಿರಲಿಲ್ಲ.

ಮಗಳು ಮಹಡಿ ಮೆಟ್ಟಿಲಿನ ನಡುವೆ ಫೋನು ಹಿಡಿದು ಕೂತಿರುತ್ತಿದ್ದಳು. ಬಂದವರಿಗೆ ನಮಸ್ಕಾರ ಹೇಳು ಎಂದರೆ "ಹಾಯ್ ಆಂಟಿ" ಎಂದು ಮತ್ತೆ ಫೋನಿಗೆ. ಅವಳು ಏನನ್ನೂ ಕೇಳಿಸಿಕೊಳ್ಳುತ್ತಿಲ್ಲ ಎಂದೇ ತಿಳಿದಿದ್ದೆ. ಒಂದು ದಿನ ಅದಕ್ಕೂ ಬೈದೆ.

ಬುಧವಾರ ಸಂಜೆ ಮೈಸೂರಿನಿಂದ ಅಮ್ಮನ ಫೋನು. ಅಲ್ಲಿ ಆಗಲೇ ಗುರುವಾರ ಬೆಳಿಗ್ಗೆ.

"ಇವತ್ತು ಆಯುಧಪೂಜೆ ಕಣೆ. ನಿಮ್ಮಪ್ಪ ಸ್ಕೂಟರ್ ತೊಳೀತಿದಾರೆ. ನೀನು ನಾಳೆ ಗೊಂಬೆ ಮಲಗಿಸ್ತೀನಿ ಅಂದ್ಯಂತೆ?"

"ನಮಗೆ ಗುರುವಾರನೇ ದಶಮಿ, ಅಮ್ಮ. ಇಲ್ಲಿಯ ಪಂಚಾಂಗ."

"ಪಟ್ಟದ ಗೊಂಬೆ ಮೈಸೂರಿನದು, ಪಂಚಾಂಗ ಅಮೆರಿಕಾದ್ದಾ? ದಶಮಿ ಶುಕ್ರವಾರ. ಅಂಬಾರಿ ಇನ್ನೂ ಅರಮನೆ ಬಿಟ್ಟಿರಲ್ಲ, ನೀನು ರಾಜ ರಾಣೀನ ಮಲಗಿಸಿಬಿಡ್ತೀಯಾ?"

ಬೇರೆ ದಿನವಾಗಿದ್ದರೆ ಅಮ್ಮನ ಜೊತೆ ಅರ್ಧ ಗಂಟೆ ವಾದ ಮಾಡುತ್ತಿದ್ದೆ. ಅವತ್ತು ಎರಡೇ ನಿಮಿಷಕ್ಕೆ ಒಪ್ಪಿಕೊಂಡೆ. ಏಕೆಂದು ಆಗ ಯಾರಿಗೂ ಹೇಳಲಿಲ್ಲ, ಈಗ ಹೇಳುತ್ತೇನೆ. ಅವತ್ತೇ ಮಧ್ಯಾಹ್ನ ಹತ್ತಿರದ ಊರಾದ ಮೆಕಿನ್ನಿಯ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಅವಳ ಮನೆಗೆ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಬಂದಿದ್ದಾರೆ, ಮೂವತ್ತು ವರ್ಷದಿಂದ ಹ್ಯೂಸ್ಟನ್ನಿನಲ್ಲೇ ಇರುವವರು, ಗಂಡ ಅಲ್ಲಿಯ ಎಣ್ಣೆ ಕಾರ್ಖಾನೆಯಲ್ಲೇ ಎಂಜಿನಿಯರ್ ಆಗಿದ್ದವರು. ನಿನ್ನ ಗೊಂಬೆ ಹ್ಯೂಸ್ಟನ್ ನೋಡಲೇಬೇಕಂತೆ, ಶುಕ್ರವಾರ ಸಂಜೆ ಎಂಟ್ಹತ್ತು ಜನ ಒಟ್ಟಿಗೆ ಬರುತ್ತೇವೆ. ಮಾಡೆಲ್ ಶುಕ್ರವಾರ ಶಾಲೆಗೆ ಹೋದರೆ ಎರಡು ವಾರ ಅಲ್ಲಿಯ ಪ್ರದರ್ಶನದಲ್ಲಿರುತ್ತದೆ. ಆಂಟಿಯ ಮುಂದೆ ನಾನು ಖಾಲಿ ನೆಲ ತೋರಿಸಿ ಕತೆ ಹೇಳಲೇ? ಅಮ್ಮನ ಪಂಚಾಂಗ ನನಗೆ ದೇವರು ಕೊಟ್ಟ ನೆಪವಾಯಿತು. ಆರಂಭ ಡಲ್ಲಾಸಿನ ಪಂಚಾಂಗದಲ್ಲಿ, ಮುಕ್ತಾಯ ಮೈಸೂರಿನ ಪಂಚಾಂಗದಲ್ಲಿ. ಯಾವ ಶಾಸ್ತ್ರಕ್ಕೂ ಹೊಂದದ ದಸರಾ.

ಗುರುವಾರ ಮಗಳು ಶಾಲೆಯಿಂದ ಬಂದಾಗ ವಿಷಯ ಹೇಳಿದೆ. ಅವಳು ಮೊದಲು ನಂಬಲಿಲ್ಲ.

"ಬಟ್ ಇಟ್ಸ್ ಟುಮಾರೊ!" ಎಂದಳು. ನಾಳೆಯೇ ತನ್ನ ಸರದಿ, ಮಾಡೆಲ್ ಇಲ್ಲದೆ ಏನು ತೋರಿಸಲಿ, ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂದಳು.

"ಸೋಮವಾರ ಕೊಟ್ಟರಾಯ್ತು. ಹಬ್ಬ ಇದೆ ಅಂತ ನಾನೇ ಟೀಚರಿಗೆ ಇಮೇಲ್ ಬರೀತೀನಿ."

ಯಜಮಾನರು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದರು. "ನೋಡೇ, ನಮಗೆ ಗುರುವಾರ ಸಂಜೆ ಆಗೋ ಹೊತ್ತಿಗೆ ಅಲ್ಲಿ ಶುಕ್ರವಾರ ಬೆಳಿಗ್ಗೆ ಆಗಿರತ್ತೆ. ಇನ್ನೆರಡು ಗಂಟೆ ಬಿಟ್ಟು ಆರತಿ ಮಾಡಿ ಮಲಗಿಸಿಬಿಡು. ಎರಡೂ ಪಂಚಾಂಗಕ್ಕೂ ಸರಿಹೋಯ್ತು."

ಅವರ ಮಾತಿನಲ್ಲಿ ಒಂದು ಕೊಂಕೂ ಇರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಆಫೀಸಿನ ಮೀಟಿಂಗ್ ಅಲ್ಲ ಇದು, ಟೈಮ್ ಝೋನ್ ನೋಡಿ ಹಾಕೋಕೆ. ದೇವರ ವಿಷಯ," ಎಂದೆ. ದೇವರ ಹೆಸರು ತೆಗೆದ ಮೇಲೆ ಅವರು ಲ್ಯಾಪ್‌ಟಾಪಿಗೆ ವಾಪಸಾದರು. ಮಗಳು ಸುಮ್ಮನಾಗಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡ ಸದ್ದಿಗೆ ಮೇಲಿನ ಮೆಟ್ಟಿಲಿನ ರಾಣಿ ಅಲುಗಾಡಿದಳು.

ಶುಕ್ರವಾರ ಬೆಳಿಗ್ಗೆ ಅವಳು ತಿಂಡಿ ತಿನ್ನಲಿಲ್ಲ. ಬರೆಯುತ್ತೇನೆಂದ ಇಮೇಲನ್ನು ನಾನು ಬರೆದಿರಲಿಲ್ಲ. ಬರಿಗೈಯಲ್ಲಿ ಕಾರಿನಿಂದ ಇಳಿದು, ದೊಡ್ಡ ದೊಡ್ಡ ಥರ್ಮೋಕೋಲ್ ಊರುಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಮಕ್ಕಳ ನಡುವೆ ನಡೆದುಕೊಂಡು ಹೋದಳು. ಒಬ್ಬ ಅಪ್ಪ ಮಗನ ಸ್ಯಾನ್ ಆಂಟೋನಿಯೋವನ್ನು ಟ್ರಕ್ಕಿನಿಂದ ಇಳಿಸುತ್ತಿದ್ದ. ನನ್ನ ಹಿಂದಿನ ಕಾರಿನವರು ಹಾರ್ನ್ ಮಾಡಿದರು. ಆ ಕ್ಷಣದಲ್ಲಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಯಾವತ್ತೂ ಬಂದಿಲ್ಲ. ಮನೆಗೆ ಬಂದ ಮೇಲೆ, ಮಾಡೆಲ್ ಎತ್ತಿಕೊಂಡು ಹೋಗಿ ಕೊಟ್ಟುಬಿಡೋಣ ಎಂದು ಎರಡು ಸಲ ಅದಕ್ಕೆ ಕೈ ಹಾಕಿದೆ. ಎರಡು ಸಲವೂ ಶೆಟ್ಟಿಯ ಮುಂದಿನ ತೊಗರಿಬೇಳೆ ಚೆಲ್ಲಿತು. ಮತ್ತೆ ರಾಶಿ ಮಾಡಿ ಎದ್ದೆ. ಎತ್ತಿಕೊಂಡು ಹೋಗಲಿಲ್ಲ. ಸಂಜೆಗೆಂದು ಚಕ್ಕುಲಿ ಕರಿದೆ.

ಮಧ್ಯಾಹ್ನ ಶಾಲೆಯ ಮುಂದೆ ಕಾರುಗಳ ಸಾಲು ತೆವಳುತ್ತಿತ್ತು. ಮಗಳು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಏನಾಯಿತು ಎಂದು ಮೂರು ಸಲ ಕೇಳಿದೆ. ಅವಳು ಬ್ಯಾಗಿನಿಂದ ಹಾಳೆಯೊಂದನ್ನು ತೆಗೆದು ಮುಂದಕ್ಕೆ ಚಾಚಿದಳು. ಕೆಂಪು ಸಿಗ್ನಲ್ಲಿನಲ್ಲಿ ಓದಿದೆ.

ಮಾಡೆಲ್ ಎಂಬಲ್ಲಿ ಸೊನ್ನೆ. ಮಾತು ಎಂಬಲ್ಲಿ ಪೂರಾ ಅಂಕ. ಅದರ ಕೆಳಗೆ ಟೀಚರಿನ ಕೈಬರಹ: ಅವಳು ಹನ್ನೆರಡು ನಿಮಿಷ ಮಾತಾಡಿದಳು, ನಾನು ನಿಲ್ಲಿಸಲಿಲ್ಲ. ಸ್ಟೀಮರ್ ಊರು ದಾಟಿ ಹೋದಾಗ ಇಡೀ ಕ್ಲಾಸು ನಕ್ಕಿತು. ಜೌಗು ಕಡಿದವರ ವಿಷಯಕ್ಕೆ ಬಂದಾಗ ಯಾರೂ ಅಲುಗಾಡಲಿಲ್ಲ.

ಮಹಡಿ ಮೆಟ್ಟಿಲಿನಲ್ಲಿ ಕೂತು ಫೋನು ನೋಡುತ್ತಿದ್ದ ಹುಡುಗಿ. ಅಷ್ಟೂ ಸಂಜೆ ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅವಳು ಇಂಗ್ಲಿಷಿನಲ್ಲಿ ಹೇಳಿ ಬಂದಿದ್ದಳು. ನನ್ನ ಕಣ್ಣು ತುಂಬಿತು. ಹಾಳೆ ತಿರುಗಿಸಿದೆ. ಹಿಂದುಗಡೆ ಮಾಹಿತಿ ಎಲ್ಲಿಂದ ಸಿಕ್ಕಿತು ಎಂದು ಬರೆಯುವ ಜಾಗವಿತ್ತು. ಮೊದಲು ಪಠ್ಯಪುಸ್ತಕ, ಆಮೇಲೆ ದೋಣಿಯ ಸವಾರಿ. ಮೂರನೆಯದು ಅವಳ ಗುಂಡಗಿನ ಅಕ್ಷರದಲ್ಲಿ: ನನ್ನ ಅಮ್ಮ. ಅವರು ಮೊದಲು ಇತಿಹಾಸದ ಟೀಚರ್ ಆಗಿದ್ದರು.

ಹೆಮ್ಮೆ ಬರಬೇಕಿತ್ತು. ಬಂತು ಕೂಡ. ಅದರ ಬೆನ್ನಿಗೇ ಆ 'ಮೊದಲು' ಎದೆಗೆ ಒದ್ದಂತಾಯಿತು. ಅವಳು ತಪ್ಪು ಬರೆದಿರಲಿಲ್ಲ. ಹನ್ನೆರಡು ವರ್ಷದ ಮಗು ತನಗೆ ಗೊತ್ತಿದ್ದ ನಿಜವನ್ನು ಬರೆದಿತ್ತು. ಸಿಗ್ನಲ್ ಹಸಿರಾಗಿ ಹಿಂದಿನವರು ಮತ್ತೆ ಹಾರ್ನ್ ಮಾಡಿದರು.

ಸಂಜೆ ಹೆಂಗಸರು ಬಂದರು. ಹ್ಯೂಸ್ಟನ್ನಿನ ಆಂಟಿ ನೆಲಕ್ಕೇ ಕೂತು, ಕನ್ನಡಕ ಏರಿಸಿ ಊರನ್ನು ಮೂಲೆಮೂಲೆಯೂ ನೋಡಿದರು. "ನಮ್ಮ ಮನಿ ಈ ಕಡೆ ಬರ್ತದ ನೋಡ್ರಿ, ಈ ಚಿಮಣಿ ಹಿಂದ," ಎಂದು ನಕ್ಕರು. "ಮೂವತ್ತ ವರ್ಷ ಆತು, ಈ ಕತಿ ಯಾರೂ ಹೇಳಿದ್ದಿಲ್ಲ. ಹೇಳ್ರಿ."

ಇದು ನನ್ನ ಮಗಳ ಪ್ರಾಜೆಕ್ಟು, ಅವಳೇ ಹೇಳಲಿ ಎಂದು ಮಹಡಿ ಮೆಟ್ಟಿಲಿನ ಕಡೆ ನೋಡಿದೆ. ಅವಳು ಫೋನಿನಿಂದ ತಲೆ ಎತ್ತದೆ, "ಐ ಆಲ್ರೆಡಿ ಡಿಡ್," ಎಂದಳು. ತಾನು ಆಗಲೇ ಹೇಳಿ ಮುಗಿಸಿಯಾಗಿತ್ತು. ಸರಿ, ನಾನೇ ಹೇಳಿದೆ. ಯಾರನ್ನೆಲ್ಲ ನೋಯಿಸಿ ಉಳಿಸಿಕೊಂಡ ಸಂಜೆ ಅದು! ಮಾತು ಬಂತು, ರುಚಿ ಬರಲಿಲ್ಲ. ಎಲ್ಲರೂ ನಗುವ ಜಾಗದಲ್ಲಿ ನಕ್ಕರು, ಸುಮ್ಮನಾಗುವ ಜಾಗದಲ್ಲಿ ಸುಮ್ಮನಾದರು.

"ಭಾಳ ಛಂದ ಹೇಳಿದ್ರಿ," ಎಂದರು ಆಂಟಿ. "ಯಾವ ಕಾಲೇಜಿನ್ಯಾಗ ಕಲಸ್ತೀರಿ?"

"ಮೊದಲು ಕಲಿಸ್ತಿದ್ದೆ ಆಂಟಿ. ಮೈಸೂರಿನಲ್ಲಿ."

ಹೇಳಿದ ಮೇಲೆ ಆ 'ಮೊದಲು' ನನಗೇ ಕೇಳಿಸಿತು. ಮಗಳೂ ಫೋನಿನಿಂದ ತಲೆ ಎತ್ತಿದ್ದಳು.

ಅವರೆಲ್ಲ ಹೋದ ಮೇಲೆ ಆರತಿ ಎತ್ತಿದೆ. ಪಟ್ಟದ ಗೊಂಬೆಗಳನ್ನು ಮಲಗಿಸುವುದಕ್ಕೆ ಮಗಳು ತಾನಾಗಿಯೇ ಬಂದಳು. ರಾಣಿಯನ್ನು ಅವಳು, ರಾಜನನ್ನು ನಾನು. ನನಗೆ ಕ್ಷಮೆ ಕೇಳಿ ರೂಢಿಯಿಲ್ಲ. ಸೋಮವಾರ ನಾನೇ ಶಾಲೆಗೆ ಮಾಡೆಲ್ ತಂದು ಕೊಡುತ್ತೇನೆ, ತಪ್ಪು ನನ್ನದು ಎಂದು ಟೀಚರಿಗೆ ಹೇಳಿ ಆ ಸೊನ್ನೆ ತೆಗೆಸುತ್ತೇನೆ ಎಂದೆ.

ಅವಳು ಜೌಗಿನಲ್ಲಿ ನಿಂತಿದ್ದ ಹೊರೆಯವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಳು. ಬೇಡ ಎಂದು ತಲೆಯಾಡಿಸಿದಳು. "ಇಟ್ಸ್ ಫೈನ್, ಅಮ್ಮ. ನೆಕ್ಸ್ಟ್ ಟೈಮ್ ಡು ಯುವರ್ ಓನ್ ಪ್ರಾಜೆಕ್ಟ್."

ಮುಂದಿನ ಸಲ ನಿನ್ನದೇ ಪ್ರಾಜೆಕ್ಟ್ ಮಾಡಿಕೋ. ಸಿಟ್ಟಿನಿಂದ ಹೇಳಲಿಲ್ಲ. ಒಲೆ ಆರಿಸಿದ್ಯಾ ಎಂದು ಕೇಳುವ ಹಾಗೆ ಹೇಳಿದಳು.

"ಮಾಡ್ತೀನಿ," ಎಂದೆ. ಯಾವ ಪ್ರಾಜೆಕ್ಟು ಎಂದು ಅವಳು ಕೇಳಲಿಲ್ಲ. ನಾನು ಶೆಟ್ಟಿಯ ಮುಂದಿನ ತೊಗರಿಬೇಳೆಯನ್ನು ಬಾಚಿ ಡಬ್ಬಿಗೆ ತುಂಬಿದೆ.